ಮಕ್ಕಳಲ್ಲಿ ಇಯೊಸಿನೊಫಿಲಿಕ್ ಅನ್ನನಾಳದ ಉರಿಯೂತ

ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ಅನ್ನನಾಳದ ಒಳಪದರದಲ್ಲಿ ಸೇರಿಕೊಂಡು ಉಂಟುಮಾಡುವ ದೀರ್ಘಕಾಲಿಕ ಅಲರ್ಜಿ ರೋಗವನ್ನು ಇಯೊಸಿನೊಫಿಲಿಕ್ ಅನ್ನನಾಳದ ಉರಿಯೂತ ಎನ್ನುತ್ತಾರೆ. ಆರೋಗ್ಯವಂತ ಅನ್ನನಾಳದಲ್ಲಿ ಈ ಕಣಗಳು ಇರುವುದಿಲ್ಲ. ಆಸ್ತಮಾ, ಇಸಬು ಮೊದಲಾದ ಅಲರ್ಜಿಗಳುಳ್ಳ ಮಕ್ಕಳಲ್ಲಿ, ಅದರಲ್ಲಿಯೂ ಗಂಡುಮಕ್ಕಳಲ್ಲಿ, ಇದು ಹೆಚ್ಚಾಗಿ ಕಂಡುಬರುತ್ತದೆ.

ಶಿಶುಗಳು ಆಹಾರವನ್ನು ನಿರಾಕರಿಸುತ್ತವೆ. ಶಾಲೆಗೆ ಹೋಗುವ ಮಕ್ಕಳಿಗೆ ವಾಂತಿ, ಹೊಟ್ಟೆನೋವು. ಹದಿಹರೆಯದವರಿಗೆ ತುತ್ತು ಎದೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಮಗು ತನ್ನ ತೊಂದರೆಯನ್ನು ಅರಿವಿಲ್ಲದೆಯೇ ಮರೆಮಾಚುವುದೂ ಉಂಟು. ಬಹಳ ಹೊತ್ತು ಅಗಿಯುತ್ತದೆ, ತುತ್ತಿಗೊಮ್ಮೆ ನೀರು ಕುಡಿಯುತ್ತದೆ, ಮೆದುವಾದುದನ್ನಷ್ಟೇ ಕೇಳುತ್ತದೆ. ಮನೆಯವರು ಇದನ್ನು ಹಟವೆಂದು ಭಾವಿಸಿ ಗದರಿಸುವುದು ಅಸಹಜವಲ್ಲ. ಆದರೆ ಚಿಕಿತ್ಸೆಯಿಲ್ಲದೆ ವರ್ಷಗಳು ಕಳೆದರೆ ಅನ್ನನಾಳವು ಗಡುಸಾಗಿ ಕಿರಿದಾಗಬಹುದು.

ಬಹುಕಾಲ ಇದನ್ನು ಆಮ್ಲದ ಹಿಮ್ಮುಖ ಹರಿವಿನ ಫಲವೆಂದೇ ತಿಳಿಯಲಾಗಿತ್ತು. 1995ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಆಮ್ಲದ ಚಿಕಿತ್ಸೆಗೆ ಬಗ್ಗದ 10 ಮಕ್ಕಳಿಗೆ ಅಮೈನೊ ಆಮ್ಲಗಳ ಪೇಯವನ್ನು ಆಹಾರವಾಗಿ ಕೊಡಲಾಯಿತು. 8 ಮಕ್ಕಳಲ್ಲಿ ಲಕ್ಷಣಗಳು ಮಾಯವಾದವು, ಇಬ್ಬರಲ್ಲಿ ತಗ್ಗಿದವು. ದೋಷ ಆಹಾರದ ಪ್ರೋಟೀನಿನಲ್ಲಿದೆ ಎಂಬುದು ಹೀಗೆ ಸ್ಪಷ್ಟವಾಯಿತು.

ಎಂಡೋಸ್ಕೋಪಿಯ ಮೂಲಕ ಹಲವು ಕಡೆಗಳಿಂದ ಅಂಗಾಂಶದ ಚೂರುಗಳನ್ನು ತೆಗೆದು ಪರೀಕ್ಷಿಸುತ್ತಾರೆ. ಸೂಕ್ಷ್ಮದರ್ಶಕದ ಒಂದು ಉನ್ನತ ವರ್ಧನ ಕ್ಷೇತ್ರದಲ್ಲಿ 15 ಅಥವಾ ಹೆಚ್ಚು ಇಯೊಸಿನೊಫಿಲ್‌ಗಳಿದ್ದು, ಬೇರೆ ಕಾರಣಗಳಿಲ್ಲವೆಂದಾದರೆ ರೋಗ ಖಚಿತ. ಚರ್ಮದ ಅಲರ್ಜಿ ಪರೀಕ್ಷೆಯನ್ನು ನೆಚ್ಚಿಕೊಳ್ಳುವಂತಿಲ್ಲ.

ಹಾಲು ಮುಖ್ಯ ಪ್ರಚೋದಕ. ಮೆದುವಾದ ಮೊಸರು ಸಲೀಸಾಗಿ ಇಳಿಯಿತೆಂದ ಮಾತ್ರಕ್ಕೆ ಅದು ನಿರ್ದೋಷಿಯಲ್ಲ. ಗೋಧಿ, ಮೊಟ್ಟೆ, ಸೋಯಾ ನಂತರದವು. ಇವನ್ನು ವೈದ್ಯರ ನಿಗಾದಲ್ಲಿ ಬಿಟ್ಟು, ಒಂದೊಂದಾಗಿ ಮರಳಿ ಕೊಟ್ಟು ನೋಡುತ್ತಾರೆ. ಆಮ್ಲನಿರೋಧಕ ಔಷಧ ಹಾಗೂ ನುಂಗುವ ಸ್ಟೀರಾಯ್ಡ್ ಇತರ ಮಾರ್ಗಗಳು. ಡುಪಿಲುಮ್ಯಾಬ್ ಚುಚ್ಚುಮದ್ದಿಗೆ ಅಮೆರಿಕದಲ್ಲಿ 2022ರಲ್ಲಿ 12 ವರ್ಷ ಮೇಲ್ಪಟ್ಟವರಿಗೂ 2024ರಲ್ಲಿ ಕನಿಷ್ಠ 15 ಕಿಲೋ ತೂಗುವ, 1 ವರ್ಷ ತುಂಬಿದ ಮಕ್ಕಳಿಗೂ ಅನುಮತಿ ದೊರೆಯಿತು. ಚಿಕಿತ್ಸೆ ನಿಲ್ಲಿಸಿದರೆ ರೋಗವು ಸಾಮಾನ್ಯವಾಗಿ ಮರುಕಳಿಸುತ್ತದೆ.