ಮೂಗಿಗೆ ಸಿಗದ ದೂಳು

ಸಂಕ್ರಾಂತಿ ಹತ್ತಿರ ಬಂತೆಂದರೆ ತುಮಕೂರಿನ ಕೋರ ಸುತ್ತಲ ಊರುಗಳಲ್ಲಿ ರಾಗಿ ಒಕ್ಕಣೆ. ಕಣ ಮಾಡುವವರು ಈಗ ಕಡಿಮೆ. ಟಾರು ರಸ್ತೆಗೇ ತೆನೆ ಹರಡಿದರೆ ಬಸ್ಸು, ಲಾರಿಗಳು ಬಿಟ್ಟಿಯಾಗಿ ತುಳಿದುಕೊಡುತ್ತವೆ. (ಬೈಕಿನವರ ಬೈಗುಳ ಬೇರೆ.) ರಾಗಿ ತೂರಿ ಮನೆಗೆ ಬಂದವರು ಮೂಗು ಸೀಟಿದರೆ ಸಿಂಬಳ ಕರ್ರಗಿರುತ್ತದೆ. ಗಾಬರಿ ಬೇಡ, ಅದು ಒಳಗೆ ಹೋಗದೆ ಉಳಿದ ದೂಳು.

ಮೊರದಿಂದ ಸುರಿದಾಗ ಕಾಳು ಕಾಲಬುಡದಲ್ಲೇ ಬೀಳುತ್ತದೆ, ಹೊಟ್ಟು ದೂರ ಹಾರುತ್ತದೆ. ಉಸಿರಿನ ದಾರಿಯಲ್ಲೂ ಲೆಕ್ಕ ಇದೇ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. 10 ಮೈಕ್ರಾನಿಗಿಂತ ದಪ್ಪನೆಯ ಕಣಗಳಲ್ಲಿ ಹೆಚ್ಚಿನವು ಮೂಗು, ಗಂಟಲಿನ ತಿರುವುಗಳಲ್ಲಿ ಗಾಳಿಯ ಜೊತೆ ತಿರುಗಲಾರದೆ ಗೋಡೆಗೆ ಬಡಿದು ಲೋಳೆಗೆ ಅಂಟುತ್ತವೆ. ತುಸು ಸಣ್ಣವು ಶ್ವಾಸನಾಳದ ಕವಲುಗಳಲ್ಲಿ ಸಿಕ್ಕಿಬೀಳುತ್ತವೆ. ಅಲ್ಲಿನ ಸೂಕ್ಷ್ಮ ರೋಮಗಳು ಸೆಕೆಂಡಿಗೆ 10–15 ಸಲ ಬಡಿಯುತ್ತ ಕಫವನ್ನು ಗಂಟಲಿಗೆ ತಳ್ಳುತ್ತವೆ. ಅದನ್ನು ಉಗಿಯುವುದಕ್ಕಿಂತ ಗೊತ್ತಿಲ್ಲದೆ ನುಂಗುವುದೇ ಹೆಚ್ಚು. ಬೀಡಿ ಹೊಗೆ ಈ ರೋಮಗಳನ್ನೇ ಕೆಡಿಸುತ್ತದೆ. ಕಫ ತಳ್ಳುವ ಕೆಲಸ ಆಮೇಲೆ ಬೆಳಗಿನ ಕೆಮ್ಮಿನ ಪಾಲಿಗೆ ಬರುತ್ತದೆ.

ಸಣ್ಣದಾದಷ್ಟೂ ಅಪಾಯ ಎನ್ನುವ ಹಾಗೂ ಇಲ್ಲ. ಅರ್ಧ ಮೈಕ್ರಾನಿನ ಆಸುಪಾಸಿನ ಕಣಕ್ಕೆ ಗೋಡೆಗೆ ಬಡಿಯುವಷ್ಟು ಭಾರವಿಲ್ಲ, ಗಾಳಿಯ ಅಣುಗಳ ತಳ್ಳಾಟಕ್ಕೆ ಸಿಕ್ಕಿ ಅತ್ತಿತ್ತ ಅಲೆಯುವಷ್ಟು ಹಗುರವೂ ಅಲ್ಲ. ಬಹುಪಾಲು ಬಂದ ದಾರಿಯಲ್ಲೇ ವಾಪಸ್ಸು. 0.1 ಮೈಕ್ರಾನಿಗಿಂತ ಕಿರಿದಾದರೆ ಅಲೆದಾಟ ಜೋರಾಗಿ ಮತ್ತೆ ಅಂಟತೊಡಗುತ್ತದೆ.

ಒಂದರಿಂದ ನಾಲ್ಕು ಮೈಕ್ರಾನಿನವು ಶ್ವಾಸಕೋಶದ ಕೊನೆಯ ಗಾಳಿಗೂಡುಗಳನ್ನೇ ಮುಟ್ಟಬಲ್ಲವು. ಅಲ್ಲಿ ರೋಮಗಳಿಲ್ಲ. ಭಕ್ಷಕ ಕೋಶಗಳು ಬಂದು ಕಣವನ್ನು ನುಂಗಬೇಕು. ಗೂಡು ಚೊಕ್ಕಟವಾಗಲು ವಾರ, ತಿಂಗಳುಗಳೇ ಬೇಕು. ಜಲ್ಲಿ ಕ್ರಷರಿನಲ್ಲಿ ಏಳುವ ಕಲ್ಲಿನ ಪುಡಿಯ ಸಿಲಿಕಾ ಈ ಕೋಶಕ್ಕೆ ಜೀರ್ಣವಾಗುವುದಿಲ್ಲ. ನುಂಗಿದ ಕೋಶ ಸಾಯುತ್ತದೆ, ಹೊರಬಿದ್ದ ಅದೇ ಕಣವನ್ನು ಇನ್ನೊಂದು ನುಂಗುತ್ತದೆ, ಅದೂ ಸಾಯುತ್ತದೆ. ಸುತ್ತ ಗಂಟುಗಂಟಾಗಿ ಕಲೆ ಕಟ್ಟಿ ಶ್ವಾಸಕೋಶ ಬಿರುಸಾಗುತ್ತದೆ. ಇದೇ ಸಿಲಿಕೋಸಿಸ್. 1940ರ ದಶಕದಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ ತಪಾಸಣೆಗೊಳಗಾದ ಕಾರ್ಮಿಕರಲ್ಲಿ ನೂರಕ್ಕೆ 40ಕ್ಕೂ ಹೆಚ್ಚು ಮಂದಿಗೆ ಇದಿತ್ತು. ಕಲೆ ಕಟ್ಟಿದ ಭಾಗವನ್ನು ಸರಿಮಾಡುವ ಔಷಧಿ ಇವತ್ತಿಗೂ ಇಲ್ಲ.

ಮೂಗಿಗೆ ಟವೆಲು ಕಟ್ಟಿದರೆ ರಾಗಿ ಹೊಟ್ಟನ್ನು ತಡೆಯಬಹುದು, ಈ ಕಲ್ಲಿನ ಪುಡಿ ನೂಲಿನ ಸಂದಿಯಲ್ಲೇ ನುಸುಳುತ್ತದೆ. ಕ್ರಷರಿಗೆ ನೀರು ಸಿಂಪಡಿಸುವುದು, ಕಲ್ಲು ಕೊರೆಯುವಾಗ ನೀರು ಹಾಯಿಸುವುದು ಇದಕ್ಕೇ: ಒದ್ದೆಯಾದ ಪುಡಿ ಗಾಳಿಗೆ ಏಳುವುದಿಲ್ಲ.