ಯೋಗ್ಯರನ್ನು ಕರೆತರುವ ವಿದ್ಯೆ

ಮದುವೆ ಕುದುರಿಸುವುದರಲ್ಲಿ ಕೈ ಪಳಗಿದ ಚಾಮರಾಜಪೇಟೆ, ಬಸವನಗುಡಿಯ ಹಿರಿಯರು ಜಾತಕ ಕೂಡಿತೆಂದ ಮಾತ್ರಕ್ಕೆ ಕೆಲಸ ಮುಗಿಯಿತೆಂದು ಭಾವಿಸುವವರಲ್ಲ. ಹುಡುಗಿ ಕಾಲಿಡುವ ಮನೆಯಲ್ಲಿ ಅತ್ತೆಯ ಸ್ವಭಾವವೆಂಥದು, ಓರಗಿತ್ತಿಯರು ಎಷ್ಟು ಮಂದಿ, ಅಡಿಗೆಮನೆಯ ಅಧಿಕಾರ ಯಾರ ಕೈಯಲ್ಲಿದೆ ಎಂಬುದನ್ನೆಲ್ಲ ವಿಚಾರಿಸಿದ ಮೇಲೆಯೇ ಅವರು ಲಗ್ನದ ಮಾತೆತ್ತುವುದು. ಕಂಪೆನಿಗಳಿಗೆ ತಕ್ಕ ಜನರನ್ನು ಹುಡುಕಿಕೊಡುವುದನ್ನೇ ವೃತ್ತಿಯಾಗಿ ಮಾಡಿಕೊಂಡ ಯುವಕ ಯುವತಿಯರು ಇಂದು ಅದೇ ಬೀದಿಗಳಲ್ಲಿ ಹೇರಳವಾಗಿದ್ದಾರೆ. ಅರ್ಜಿಗಳನ್ನು ಜರಡಿ ಹಿಡಿಯುವುದು, ಸಂದರ್ಶನಕ್ಕೆ ಒಪ್ಪಿಸುವುದು, ಸಂಬಳದ ಚೌಕಾಶಿಯನ್ನು ಹದವರಿತು ಮುಗಿಸುವುದು, ಇವೆಲ್ಲ ಅವರಿಗೆ ನೀರು ಕುಡಿದಷ್ಟು ಸುಲಭ. ಹಿರಿಯರ ಆ ಎರಡನೆಯ ವಿದ್ಯೆ ಮಾತ್ರ ಅವರಲ್ಲಿ ಅಪರೂಪ. ಅದಿಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಮಲ್ಲೇಶ್ವರದ ಮಗ್ಗುಲಲ್ಲಿಯೇ, ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಒಂದು ದೊಡ್ಡ ನಿದರ್ಶನ ನಡೆದುಹೋಗಿದೆ.

1933ರಲ್ಲಿ ಸರ್ ಸಿ. ವಿ. ರಾಮನ್ ಅವರು ಆ ಸಂಸ್ಥೆಯ ನಿರ್ದೇಶಕರಾಗಿ ಬೆಂಗಳೂರಿಗೆ ಬಂದರು. ಆ ಸ್ಥಾನವನ್ನೇರಿದ ಮೊದಲ ಭಾರತೀಯರು ಅವರು. ಒಬ್ಬ ಜಾಣ ಹೇಗೆ ಇನ್ನೊಬ್ಬ ಜಾಣನನ್ನು ಬರಮಾಡಿಕೊಳ್ಳುತ್ತಾನೆಂಬುದು ರಾಮನ್ನರಿಗೆ ಸ್ವಾನುಭವದಿಂದಲೇ ಗೊತ್ತಿತ್ತು. ಅವರು ಕಲ್ಕತ್ತೆಯಲ್ಲಿ ಸರ್ಕಾರದ ಹಣಕಾಸು ಇಲಾಖೆಯ ಅಧಿಕಾರಿಯಾಗಿದ್ದಾಗ, ಕಚೇರಿಯ ಹೊತ್ತು ಮುಗಿದ ಮೇಲೆ ಬೌಬಜಾರಿನ ವಿಜ್ಞಾನ ಸಂಘದ ಪ್ರಯೋಗಶಾಲೆಯಲ್ಲಿ ಸಂಶೋಧನೆ ನಡೆಸುತ್ತಿದ್ದರು. ಸರ್ ಆಶುತೋಷ ಮುಖರ್ಜಿಯವರು ಅದನ್ನು ಗಮನಿಸಿ, ವಿಶ್ವವಿದ್ಯಾನಿಲಯದ ಪಾಲಿತ್ ಪ್ರಾಧ್ಯಾಪಕ ಪೀಠಕ್ಕೆ ಅವರನ್ನು ಕರೆದರು. ಪೀಠಕ್ಕೆ ಬರುವವರು ವಿದೇಶದಲ್ಲಿ ತರಬೇತಿ ಪಡೆಯಬೇಕೆಂಬ ನಿಬಂಧನೆಯೊಂದಿತ್ತು, ರಾಮನ್ ಹೋಗಲೊಲ್ಲೆನೆಂದರು. ಮುಖರ್ಜಿಯವರು ನಿಬಂಧನೆಯನ್ನೇ ಬದಿಗಿರಿಸಿ ವ್ಯಕ್ತಿಯನ್ನು ಉಳಿಸಿಕೊಂಡರು. ಸಂಬಳ ಬಹಳ ಕಡಿಮೆಯಾಗುತ್ತಿದ್ದರೂ 1917ರಲ್ಲಿ ರಾಮನ್ ಸರ್ಕಾರದ ಹುದ್ದೆಯನ್ನು ಬಿಟ್ಟು ಬಂದರು. ಹಣದ ಥೈಲಿಯೊಂದೇ ಆಮಿಷವೆಂದು ನಂಬಿದ ನೇಮಕಾಧಿಕಾರಿಗಳು ಈ ಸಂಗತಿಯನ್ನು ಮನನ ಮಾಡುವುದು ಲೇಸು. ರಾಮನ್ನರಿಗೆ ಬೇಕಾಗಿದ್ದುದು ಇಡೀ ಹಗಲು ಸಂಶೋಧನೆಗೆ ದೊರೆಯುವುದು. ಮುಖರ್ಜಿಯವರು ನೀಡಿದ್ದೂ ಅದನ್ನೇ.

ಬೆಂಗಳೂರಿಗೆ ಬಂದ ರಾಮನ್ ಈಗ ತಾವೇ ಕರೆಯುವವರಾದರು. ಕಾಲವೂ ಅದಕ್ಕೆ ಒದಗಿಬಂದಿತ್ತು. 1933ರಲ್ಲಿ ಜರ್ಮನಿಯ ನಾಜಿ ಸರ್ಕಾರ ಯೆಹೂದ್ಯ ಪ್ರಾಧ್ಯಾಪಕರನ್ನು ಕೆಲಸದಿಂದ ತೆಗೆಯತೊಡಗಿತು. ನೂತನ ಕ್ವಾಂಟಮ್ ಭೌತಶಾಸ್ತ್ರದ ನಿರ್ಮಾಪಕರಲ್ಲೊಬ್ಬರಾದ ಮಾಕ್ಸ್ ಬಾರ್ನ್ ಗಟಿಂಗೆನ್ ನಗರವನ್ನು ತೊರೆದು ಕೇಂಬ್ರಿಜ್ಜಿನಲ್ಲಿ ತಾತ್ಕಾಲಿಕ ಕೆಲಸದಲ್ಲಿದ್ದರು. ಯುರೋಪಿನ ಮಹಾ ವಿಶ್ವವಿದ್ಯಾನಿಲಯಗಳು ಹಿಂದೆಮುಂದೆ ನೋಡುತ್ತಿದ್ದಾಗ ರಾಮನ್ ಕೈ ಚಾಚಿದರು. ಒಮ್ಮೆಗೇ ಕಾಯಂ ಹುದ್ದೆಯ ಮಾತಾಡದೆ, ಆರು ತಿಂಗಳ ಮಟ್ಟಿಗೆ ರೀಡರ್ ಆಗಿ ಬರಹೇಳಿದರು. ಬಂದವರು ಊರನ್ನು ನೋಡಲಿ, ಊರು ಅವರನ್ನು ನೋಡಲಿ ಎಂಬ ಈ ಕ್ರಮ ಬಹು ಚೆನ್ನಾಗಿತ್ತು. 1935ರ ಕೊನೆಯ ತಿಂಗಳುಗಳಲ್ಲಿ ಬಾರ್ನ್ ದಂಪತಿಗಳು ಬೆಂಗಳೂರಿನಲ್ಲಿದ್ದರು. ಬಾರ್ನ್ ಪಾಠ ಹೇಳಿದರು. ತರುಣರ ಸಂಶೋಧನೆಯನ್ನು ಆಸಕ್ತಿಯಿಂದ ನೋಡಿದರು. ಇಲ್ಲಿಯೇ ನೆಲೆಸುವುದಕ್ಕೂ ಮನಸ್ಸು ಮಾಡಿದರು. ರಾಮನ್ ಅವರಿಗಾಗಿ ಕಾಯಂ ಪ್ರಾಧ್ಯಾಪಕ ಪೀಠವೊಂದನ್ನು ಸೃಷ್ಟಿಸುವ ಸೂಚನೆಯನ್ನು ಪ್ರಾಧ್ಯಾಪಕರ ಸಭೆಯ ಮುಂದಿಟ್ಟರು.

ಅಲ್ಲಿಯವರೆಗೆ ಎಲ್ಲವೂ ಸರಿಯೇ. ಆದರೆ ಮನೆಯೊಳಗಿನ ಗಾಳಿ ಬೇರೆಯಾಗಿತ್ತು. ರಸಾಯನಶಾಸ್ತ್ರಕ್ಕೂ ವಿದ್ಯುತ್ ತಂತ್ರಕ್ಕೂ ಹೆಸರಾಗಿದ್ದ ಸಂಸ್ಥೆಯಲ್ಲಿ ರಾಮನ್ ಹೊಸದಾಗಿ ಭೌತಶಾಸ್ತ್ರ ವಿಭಾಗವನ್ನು ತೆರೆದಿದ್ದರು. ತಮ್ಮ ಪಾಲಿನ ಹಣ ಅತ್ತ ಹರಿಯುತ್ತಿದೆಯೆಂಬ ಅಸಮಾಧಾನ ಇತರ ವಿಭಾಗಗಳಲ್ಲಿ ಬೇರೂರಿತ್ತು. ಸಭೆಗೆ ಬಾರ್ನರೂ ಬಂದು ಕುಳಿತಿದ್ದರು. ಇಂಗ್ಲೆಂಡಿನಿಂದ ಬಂದಿದ್ದ ಪ್ರಾಧ್ಯಾಪಕ ಆಸ್ಟನ್ ಎದ್ದು ನಿಂತು, ಸ್ವದೇಶದಿಂದ ಹೊರದೂಡಲ್ಪಟ್ಟ ಎರಡನೆಯ ದರ್ಜೆಯ ಪರದೇಶಿಯೊಬ್ಬನು ತಮಗೆ ಸಾಲದೆಂಬ ಅರ್ಥದಲ್ಲಿ ಮಾತನಾಡಿದರು. ಬಾರ್ನ್ ದಂಪತಿಗಳು ಆಸ್ಟನ್ನರನ್ನು ಆದರದಿಂದ ಕಂಡಿದ್ದವರು. ಆ ದಿನ ಮನೆಗೆ ಹಿಂದಿರುಗಿ ಹೆಂಡತಿಯ ಮುಂದೆ ಅತ್ತುಬಿಟ್ಟೆನೆಂದು ಬಾರ್ನ್ ತಮ್ಮ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಪೀಠ ಕೈಗೂಡಲಿಲ್ಲ. 1936ರಲ್ಲಿ ಅವರನ್ನು ಎಡಿನ್‌ಬರೊ ವಿಶ್ವವಿದ್ಯಾನಿಲಯ ಬರಮಾಡಿಕೊಂಡಿತು. 1954ರಲ್ಲಿ ನೊಬೆಲ್ ಪಾರಿತೋಷಕ ಬಂದಿತು.

ಆಸ್ಟನ್ನರ ನಾಲಗೆಯನ್ನು ದೂರುವುದು ಸುಲಭ, ನ್ಯಾಯವೂ ಹೌದು. ಆದರೆ ನೇಮಕಾತಿಯನ್ನೇ ಕಸುಬು ಮಾಡಿಕೊಂಡವರು ಅಷ್ಟಕ್ಕೇ ನಿಲ್ಲಬಾರದು. ಹೊಸಬರ ಪಕ್ಕದಲ್ಲಿ ಕುಳಿತು ದುಡಿಯಬೇಕಾದವರನ್ನು ಸಭೆಗೆ ಮುಂಚೆಯೇ ಒಬ್ಬೊಬ್ಬರನ್ನಾಗಿ ಕಂಡು ಮಾತನಾಡಿಸಬೇಕು. ಹೊಸ ಸಂಬಳದ ಹಣ ಯಾವ ಬಾಬಿನಿಂದ ಬರುತ್ತದೆ, ಯಾರ ಪಾಲಿಗೆ ಅದರಿಂದ ಕುಂದಿಲ್ಲ ಎಂಬುದನ್ನು ಬಿಡಿಸಿ ಹೇಳಬೇಕು. ವಿರೋಧವಿದ್ದರೆ ಅದು ಕೋಣೆಯೊಳಗೆ ಹೊರಬೀಳಲಿ. ಬರುವವನ ಕಿವಿಗೆ ಬೀಳುವುದು ಬೇಡ. ಅಭ್ಯರ್ಥಿಯನ್ನು ಎದುರಿಗೆ ಕೂರಿಸಿಕೊಂಡು ಅವನ ಯೋಗ್ಯತೆಯನ್ನು ಚರ್ಚೆಗಿಡುವುದಂತೂ ಎಂದಿಗೂ ಸಲ್ಲದು. ಇಂದಿನ ಕಂಪೆನಿಗಳಲ್ಲಿ ಮೂರು ತಿಂಗಳಿಗೇ ರಾಜೀನಾಮೆ ಕೊಟ್ಟು ಹೋಗುವ ತರುಣರ ಕಥೆಯನ್ನು ಕೆದಕಿದರೆ, ಹಲವು ವೇಳೆ ಒಳಗೆ ಸಿಗುವುದು ಇಂಥದೇ ಸಿದ್ಧತೆಯಿಲ್ಲದ ಮನೆ.

ಹುಡುಕುವ ಕಣ್ಣಿಗೂ ಕುರುಡು ಜಾಗವೊಂದಿರುತ್ತದೆ. 1933ರಲ್ಲಿಯೇ ಮುಂಬಯಿಯ ಪದವೀಧರೆ ಕಮಲಾ ಭಾಗವತ್ ಅರ್ಜಿ ಹಾಕಿದಾಗ, ಹೆಣ್ಣೆಂಬ ಕಾರಣಕ್ಕೆ ರಾಮನ್ ನಿರಾಕರಿಸಿದರು. ಆಕೆ ಪಟ್ಟು ಬಿಡದೆ ಕೇಳಿದ ಮೇಲೆ ಒಂದು ವರ್ಷದ ಪರೀಕ್ಷಾವಧಿಯ ಮೇಲೆ ಸೇರಿಸಿಕೊಂಡರು. ಮುಂದೆ ಕಮಲಾ ಸೊಹೊನಿ ಎಂದು ಹೆಸರಾದ ಆಕೆ 1939ರಲ್ಲಿ ಕೇಂಬ್ರಿಜ್ಜಿನಿಂದ ಡಾಕ್ಟರೇಟ್ ಪಡೆದರು. ಅರ್ಜಿ ತಿರಸ್ಕರಿಸುವ ಮುನ್ನ, ತಿರಸ್ಕಾರಕ್ಕೆ ಕಾರಣ ಅರ್ಜಿಯಲ್ಲಿದೆಯೋ ತಮ್ಮ ತಲೆಯಲ್ಲಿದೆಯೋ ಎಂದು ಕೇಳಿಕೊಳ್ಳುವವರು ಇಂದಿಗೂ ವಿರಳ.

ರಾಮನ್ 1937ರಲ್ಲಿ ನಿರ್ದೇಶಕತ್ವವನ್ನು ಬಿಟ್ಟುಕೊಟ್ಟರೂ 1948ರವರೆಗೆ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿ ಉಳಿದರು. ಆರಿಸುವ ಕಣ್ಣು ಮಂಕಾಗಲಿಲ್ಲ. 1942ರಲ್ಲಿ ವಿದ್ಯುತ್ ಎಂಜಿನಿಯರಿಂಗ್ ಕಲಿಯಲು ಬಂದ ಜಿ. ಎನ್. ರಾಮಚಂದ್ರನ್ ಎಂಬ ತರುಣನನ್ನು ಅವರು ತಮ್ಮ ವಿಭಾಗಕ್ಕೆ ಎಳೆದುಕೊಂಡ ಕಥೆ ಪ್ರಸಿದ್ಧವಾದುದು. ಮುಂದೆ ಪ್ರೋಟೀನುಗಳ ರಚನೆಯ ಅಧ್ಯಯನದಲ್ಲಿ ಜಗತ್ತೇ ಬಲ್ಲ ಹೆಸರು ರಾಮಚಂದ್ರನ್ನರದು.

ಅದಕ್ಕೂ ಮುಂಚೆ, 1939ರಲ್ಲಿ, ಕೇಂಬ್ರಿಜ್ಜಿನಿಂದ ರಜೆಗೆಂದು ಬಂದ ಹೋಮಿ ಭಾಭಾ ಮಹಾಯುದ್ಧದಿಂದಾಗಿ ಹಿಂದಿರುಗಲಾರದೆ ಉಳಿದಾಗ, ರಾಮನ್ನರ ವಿಭಾಗದಲ್ಲಿಯೇ ರೀಡರ್ ಆಗಿ ನೆಲೆ ಕಂಡರು. 1945ರಲ್ಲಿ ಅವರ ಮೂಲಭೂತ ಸಂಶೋಧನ ಸಂಸ್ಥೆ ಮೊದಲು ಕೆಲಸವಾರಂಭಿಸಿದ್ದು ಬೆಂಗಳೂರಿನ ಇದೇ ಆವರಣದಲ್ಲಿ. ಬಳಿಕ ಅದು ಮುಂಬಯಿಗೆ ಹೋಯಿತು. ಅಲ್ಲಿ ಭಾಭಾ ಖಾಲಿ ಕುರ್ಚಿಗಳನ್ನು ಎಣಿಸಿ ಜನರನ್ನು ಹುಡುಕಲಿಲ್ಲ. ಮೊದಲು ವ್ಯಕ್ತಿಯನ್ನು ಗುರುತಿಸಿದರು. ವಿಭಾಗವನ್ನು ಆತನ ಸುತ್ತ ಬೆಳೆಸಿದರು. ಒಳಬಂದವನಿಗಾಗಿ ಬೇರೊಬ್ಬರ ಕುರ್ಚಿಯನ್ನು ಸರಿಸುವ ಪ್ರಸಂಗವೇ ಹೀಗೆ ಕಡಿಮೆಯಾಯಿತು.