ದೈಮಾನಿಯಾತ್‌ನಲ್ಲಿ ಒಂದು ಶುಕ್ರವಾರ

ಮಸ್ಕತ್‌ನಲ್ಲಿರುವ ನಮ್ಮವರಲ್ಲಿ ಹೆಚ್ಚಿನವರಿಗೆ ಸಮುದ್ರ ಅಂದರೆ ಮತ್ರಾ ಕಾರ್ನಿಶ್‌ನ ಗಾಳಿ, ಕುರುಂ ಬೀಚಿನ ವಾಕಿಂಗ್, ಊರಿನಿಂದ ಯಾರಾದರೂ ಬಂದರೆ ಅಲ್ಲಿ ನಿಂತು ಒಂದು ಫೋಟೋ. ಅಷ್ಟೇ. ನಾನೂ ಹಾಗೇ ಹದಿನಾರು ವರ್ಷ ಕಳೆದವನು. ದಾವಣಗೆರೆ ಕಡೆಯವನು, ಬಿ.ಕಾಂ. ಮುಗಿಸಿ ಲೆಕ್ಕ ಬರೆಯಲು ಇಲ್ಲಿಗೆ ಬಂದವನು. ಬಯಲುಸೀಮೆಯವರಿಗೆ ಸಮುದ್ರ ದೂರದಿಂದಲೇ ಚೆಂದ. ಅದರ ಕೆಳಗೆ ಏನಿದೆ ಅಂತ ತಲೆ ಹಾಕುವ ಯೋಚನೆ ನಮಗೆ ಬರುವುದು ಕಡಿಮೆ.

ಈ ಏಪ್ರಿಲ್‌ನಲ್ಲಿ ಆ ಯೋಚನೆ ಮನೆಗೆ ತಂದವಳು ಮಗಳು. ಹನ್ನೆರಡನೇ ತರಗತಿ ಪರೀಕ್ಷೆ ಮುಗಿಯಿತು, ಜೂನ್‌ನಲ್ಲಿ ಕಾಲೇಜಿಗೆ ಅಂತ ಮಂಗಳೂರಿಗೆ ಹೋಗುತ್ತಾಳೆ. ಗಲ್ಫ್‌ನಲ್ಲಿ ಮಕ್ಕಳನ್ನು ಬೆಳೆಸಿದವರಿಗೆ ಈ ಮಾತಿನ ಭಾರ ಬಿಡಿಸಿ ಹೇಳಬೇಕಿಲ್ಲ. ಹನ್ನೆರಡನೇ ತರಗತಿ ಆದ ಮೇಲೆ ಮಕ್ಕಳು ಮನೆಗೆ ಬರುವುದು ರಜೆಗೆ ಮಾತ್ರ. "ಏನು ಬೇಕು ಕೇಳಮ್ಮ" ಅಂದೆ. ಫೋನ್ ಕೇಳ್ತಾಳೆ ಅಂತ ಲೆಕ್ಕ ಹಾಕಿದ್ದೆ. "ನಾವು ನಾಲ್ಕೂ ಜನ ದೈಮಾನಿಯಾತ್‌ಗೆ ಹೋಗೋಣ ಅಪ್ಪಾ, ಸ್ನಾರ್ಕೆಲಿಂಗ್‌ಗೆ. ಅಮ್ಮನೂ ನೀರಿಗಿಳೀಬೇಕು" ಅಂದಳು.

ಮೊದಲನೆಯದು ದುಡ್ಡಿನ ವಿಷಯ, ಹೇಗೋ ಆಗುತ್ತೆ. ಕಷ್ಟ ಇದ್ದದ್ದು ಎರಡನೆಯದರಲ್ಲಿ. ನನ್ನ ಹೆಂಡತಿಯ ತವರು ತೀರ್ಥಹಳ್ಳಿ ಹತ್ತಿರ. ಅವಳಿಗೆ ಹನ್ನೊಂದು ವರ್ಷ ಇದ್ದಾಗ ಅವಳ ಅಣ್ಣ ತುಂಗೆಯಲ್ಲಿ ಸ್ನಾನಕ್ಕೆ ಹೋದವನು ವಾಪಸ್ ಬರಲಿಲ್ಲ. ಆಮೇಲೆ ಅವಳು ಪಾದ ಮುಳುಗುವುದಕ್ಕಿಂತ ಹೆಚ್ಚಿನ ನೀರಿಗೆ ಇಳಿದವಳಲ್ಲ. ಇಲ್ಲಿ ಬೀಚಿಗೆ ಹೋದರೂ ಚಾಪೆ ಹಾಸಿ ಕೂತು ಮಕ್ಕಳ ತಲೆ ಎಣಿಸುತ್ತಾ ಇರುತ್ತಾಳೆ. ಮಗಳಿಗೆ ಇದೆಲ್ಲ ಗೊತ್ತು. ಗೊತ್ತಿದ್ದೇ ಕೇಳಿದಳು. ಎರಡು ದಿನ ಮನೆಯಲ್ಲಿ ಆ ವಿಷಯಕ್ಕೆ ಮಾತಿಲ್ಲ. ಮೂರನೇ ದಿನ ಚಪಾತಿ ಲಟ್ಟಿಸುತ್ತಾ, "ಲೈಫ್ ಜಾಕೆಟ್ ಕೊಡ್ತಾರಂತಾ ರೀ?" ಅಂತ ಕೇಳಿದಳು. ನಾನು ಆವತ್ತೇ ಫೋನ್ ಮಾಡಿ ಬುಕ್ ಮಾಡಿದೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ದೈಮಾನಿಯಾತ್ ಅಂದರೆ ಸೀಬ್ ಮತ್ತು ಬರ್ಕಾ ಕರಾವಳಿಯ ಎದುರಿಗೆ ಸಾಲಾಗಿ ಇರುವ ಒಂಬತ್ತು ಸಣ್ಣ ದ್ವೀಪಗಳು. ದಡದಿಂದ ಹದಿನೆಂಟು ಕಿಲೋಮೀಟರ್ ಆಸುಪಾಸು. 1996ರಲ್ಲಿ ರಾಜಾಜ್ಞೆಯ ಮೂಲಕ ಇದನ್ನು ರಕ್ಷಿತ ಪ್ರದೇಶ ಅಂತ ಘೋಷಿಸಿದರು. ಜನವಸತಿ ಇಲ್ಲ, ಅಂಗಡಿ ಇಲ್ಲ, ಕುಡಿಯುವ ನೀರೂ ಇಲ್ಲ. ಸುಣ್ಣಕಲ್ಲಿನ ದಿಬ್ಬ, ಬಿಳೀ ಮರಳು, ಹಕ್ಕಿ, ಆಮೆ. ಹೋಗಲು ಪರ್ಮಿಟ್ ಬೇಕು, ಅದನ್ನು ಬೋಟಿನವರೇ ಮಾಡಿಸುತ್ತಾರೆ. ಮೇ 1ರಿಂದ ಅಕ್ಟೋಬರ್ 31ರ ತನಕ ದ್ವೀಪದ ಮೇಲೆ ಕಾಲಿಡುವಂತಿಲ್ಲ. ಹಕ್ಕಿಗಳು ಗೂಡು ಕಟ್ಟುವ, ಆಮೆ ಮರಿಗಳು ಹೊರಬರುವ ಸಮಯ ಅದು. ಆಗಲೂ ಸುತ್ತಲಿನ ನೀರಿನಲ್ಲಿ ಇಳಿಯಬಹುದು.

ಬೆಳಗ್ಗೆ ಎಂಟಕ್ಕೆ ಬೋಟು. ನಮ್ಮ ಜೊತೆ ಬಂದವರು ಗಂಗೊಳ್ಳಿಯ ಒಬ್ಬ ಮಿತ್ರರ ಕುಟುಂಬ. ಅವರು ಇಲ್ಲಿ ಗ್ಯಾರೇಜಿನಲ್ಲಿ ಮೆಕ್ಯಾನಿಕ್, ಅಪ್ಪ, ಅಜ್ಜ ಎಲ್ಲ ಬಲೆ ಹಾಕಿದವರು. ಈಜು ಗೊತ್ತಿದ್ದವರು ನಮ್ಮ ಗುಂಪಿನಲ್ಲಿ ಅವರೊಬ್ಬರೇ. ಮುಕ್ಕಾಲು ಗಂಟೆ ಬೋಟು ನೀರಿನ ಮೇಲೆ ಕುಕ್ಕರಿಸಿಕೊಂಡು ಹೋಗುತ್ತದೆ. ವಾಂತಿ ತಡೆಯುವ ಮಾತ್ರೆಯನ್ನು ಹತ್ತುವುದಕ್ಕೆ ಅರ್ಧ ಗಂಟೆ ಮುಂಚೆಯೇ ತಗೊಳ್ಳಿ. ಹೊಟ್ಟೆ ತೊಳೆಸಲು ಶುರುವಾದ ಮೇಲೆ ನುಂಗಿದರೆ ಪ್ರಯೋಜನ ಕಡಿಮೆ. ನನ್ನ ಮಗ ಇದಕ್ಕೆ ಸಾಕ್ಷಿ, ಅವನ ಇಡ್ಲಿ ಮೀನುಗಳ ಪಾಲಾಯಿತು.

ದ್ವೀಪದ ಹತ್ತಿರ ಬೋಟಿನವರು ಲಂಗರು ಹಾಕಲಿಲ್ಲ. ಮೊದಲೇ ಬಿಟ್ಟಿರುವ ತೇಲುಬುರುಡೆಗೆ ಹಗ್ಗ ಕಟ್ಟಿದರು. ಲಂಗರು ಬಿದ್ದರೆ ಕೆಳಗಿನ ಹವಳ ಮುರಿಯುತ್ತೆ, ಅದಕ್ಕೆ. ಅಲ್ಲಿಂದಲೇ ನೀರು ನೋಡಬೇಕು ನೀವು. ದೂರದಲ್ಲಿ ಕಡುನೀಲಿ, ಹತ್ತಿರದಲ್ಲಿ ಹಸಿರು, ಕೆಳಗೆ ಕಪ್ಪು ಮಚ್ಚೆ ಮಚ್ಚೆ. ಆ ಮಚ್ಚೆಗಳೇ ಹವಳದ ದಿಬ್ಬ.

ಹವಳ ಅಂದ ಕೂಡಲೇ ನನ್ನ ಹೆಂಡತಿ ತಾಳಿಯ ಎರಡು ಕೆಂಪು ಮಣಿ ಮುಟ್ಟಿಕೊಂಡು "ಇದೇನಾ?" ಅಂದಳು. ನಮ್ಮ ಹೆಣ್ಣುಮಕ್ಕಳು ಕರಿಮಣಿಯ ಜೊತೆ ಕಟ್ಟಿಕೊಳ್ಳುವ ಆ ಕೆಂಪು ಹವಳ ಬೇರೆ ಜಾತಿ. ಅಂಥ ಒಡವೆಯ ಹವಳಕ್ಕೆ ಹೆಸರಾದದ್ದು ಮೆಡಿಟರೇನಿಯನ್ ಸಮುದ್ರ, ಅದು ಇಂಥ ದಿಬ್ಬ ಕಟ್ಟುವುದಿಲ್ಲ. ಇಲ್ಲಿರುವುದು ದಿಬ್ಬ ಕಟ್ಟುವ ಹವಳ. ಎರಡೂ ಕಲ್ಲಲ್ಲ, ಗಿಡವಲ್ಲ, ಪ್ರಾಣಿಗಳು. ಪಾಲಿಪ್ ಅನ್ನುವ ಸಣ್ಣ ಸಣ್ಣ ಜೀವಿಗಳು ಸಾವಿರಾರು ಸೇರಿ, ತಮ್ಮ ಅಡಿಯಲ್ಲಿ ಸುಣ್ಣದ ಮನೆ ಕಟ್ಟುತ್ತಾ ಹೋಗುತ್ತವೆ. ದಿಬ್ಬ ಕಟ್ಟುವ ಪಾಲಿಪ್‌ಗಳ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಚಿಕ್ಕ ಪಾಚಿ ವಾಸ ಮಾಡುತ್ತದೆ. ಅದು ಬಿಸಿಲಿನಿಂದ ಆಹಾರ ಮಾಡಿ ಪಾಲಿಪ್‌ಗೆ ಕೊಡುತ್ತದೆ, ಪಾಲಿಪ್ ಅದಕ್ಕೆ ಇರಲು ಜಾಗ ಕೊಡುತ್ತದೆ. ಬಾಡಿಗೆಯನ್ನು ಊಟದ ರೂಪದಲ್ಲಿ ಕೊಡುವ ಬಾಡಿಗೆದಾರ ಅನ್ನಿ. ನೀರು ವಿಪರೀತ ಬಿಸಿಯಾದಾಗ ಈ ಒಪ್ಪಂದ ಮುರಿಯುತ್ತದೆ, ಪಾಚಿ ಹೊರಬೀಳುತ್ತದೆ, ಹವಳ ಬಿಳಿಚಿಕೊಳ್ಳುತ್ತದೆ. ಬೇಗ ತಂಪಾದರೆ ಬದುಕುತ್ತದೆ, ಇಲ್ಲದಿದ್ದರೆ ಹಸಿವಿನಿಂದ ಸಾಯುತ್ತದೆ. 1998ರಲ್ಲಿ, 2016ರಲ್ಲಿ ಲೋಕದ ಎಷ್ಟೋ ಕಡೆ ಹೀಗಾಯಿತು. ದುಂಡನೆಯ ಬಂಡೆ ಹವಳ ವರ್ಷಕ್ಕೆ ಬೆಳೆಯುವುದು ಹೆಚ್ಚುಕಡಿಮೆ ಒಂದು ಸೆಂಟಿಮೀಟರ್. ಅಂದರೆ ನನ್ನ ಮಗಳ ವಯಸ್ಸಿಗೆ ಒಂದು ಗೇಣಿಗಿಂತ ಕಡಿಮೆ.

ಸಲಕರಣೆ ಮೂರೇ: ಮಾಸ್ಕ್, ಉಸಿರಾಡುವ ಕೊಳವೆ, ಕಾಲಿಗೆ ರೆಕ್ಕೆಯಂಥ ಫಿನ್. ನಾಲ್ಕನೆಯದು ಲೈಫ್ ಜಾಕೆಟ್, ನನ್ನ ಮಟ್ಟಿಗೆ ಅದೇ ಮೊದಲನೆಯದು. ಮಾಸ್ಕ್‌ನ ಗಾಜಿಗೆ ಒಳಗಿನಿಂದ ಉಗುಳು ಸವರಿ ಸಮುದ್ರದ ನೀರಲ್ಲಿ ಜಾಲಿಸಿದರೆ ಮಂಜು ಕಟ್ಟುವುದಿಲ್ಲ. ಮೀಸೆ ಇದ್ದವರಿಗೆ ಅಂಚಿನಲ್ಲಿ ನೀರು ಸೋರುತ್ತದೆ, ನನಗೆ ಇಡೀ ದಿನ ಅದೇ ಕಾಟ. ಮೂಗು ಮುಚ್ಚಿರುತ್ತದೆ, ಬಾಯಲ್ಲೇ ಉಸಿರಾಡಬೇಕು. ಕೊಳವೆಗೆ ನೀರು ನುಗ್ಗಿದರೆ ಊದುಗೊಳವೆ ಊದಿದ ಹಾಗೆ ಜೋರಾಗಿ 'ಫೂ' ಅಂದರೆ ಹೊರಗೆ ಹಾರುತ್ತದೆ. ಇಷ್ಟೇ ವಿದ್ಯೆ. ಈಜು ಬಾರದವರು ಜಾಕೆಟ್ ಹಾಕಿಕೊಂಡು ಮುಖ ಕೆಳಗೆ ಮಾಡಿ ತೇಲಿದರೆ ಸಾಕು. ಇದನ್ನೆಲ್ಲ ಬಾತ್‌ರೂಮಿನ ಬಕೆಟ್‌ನಲ್ಲಿ ಮುಖ ಮುಳುಗಿಸಿ ಒಂದು ವಾರ ಅಭ್ಯಾಸ ಮಾಡಿಸಿದ್ದಳು ಮಗಳು. ಅಮ್ಮನಿಗೂ, ಅಪ್ಪನಿಗೂ.

ಮಗ, ಮಗಳು, ನಾನು ಇಳಿದೆವು. ಹೆಂಡತಿ ಏಣಿಯ ಕೊನೇ ಮೆಟ್ಟಿಲಲ್ಲಿ ಕೂತು, ಸೊಂಟದ ತನಕ ನೀರಲ್ಲಿಟ್ಟುಕೊಂಡು, ಎರಡೂ ಕೈಯಲ್ಲಿ ಕಂಬಿ ಹಿಡಿದಿದ್ದಳು. ಯಾರೂ ಅವಸರ ಮಾಡಲಿಲ್ಲ. ಗೈಡ್ ಒಂದು ತೇಲುವ ಬಳೆ ತಂದು ಮುಂದಿಟ್ಟ. ಗಂಗೊಳ್ಳಿಯವರು ಪಕ್ಕದಲ್ಲಿ ತೇಲುತ್ತಾ, "ಹೆದ್ರೂಕಾಗ ಅಕ್ಕ, ಕೈ ಹಿಡ್ಕಣಿ" ಅಂದರು. ಅವಳು ಅವರ ಕೈ ಹಿಡಿಯಲಿಲ್ಲ. ಮಗಳನ್ನು ಕರೆದಳು. ಒಂದು ಕೈ ಬಳೆಗೆ, ಒಂದು ಕೈ ಮಗಳಿಗೆ. ಮುಖ ನೀರಿಗಿಟ್ಟಳು, ತಕ್ಷಣ ಎತ್ತಿದಳು, ಕೆಮ್ಮಿದಳು. ಮತ್ತೆ ಇಟ್ಟಳು. ಮೂರನೇ ಸಲ ಇಟ್ಟವಳು ಎತ್ತಲೇ ಇಲ್ಲ. ನನಗೆ ಗಾಬರಿ. ಹತ್ತಿರ ಹೋಗಿ ನೋಡಿದರೆ ಕೊಳವೆಯಿಂದ ಉಸಿರಿನ ಸದ್ದು ಬರುತ್ತಿದೆ, ಬೆರಳು ಮಾಡಿ ಮಗಳಿಗೆ ಏನನ್ನೋ ತೋರಿಸುತ್ತಿದ್ದಾಳೆ.

ಒಳಗೆ ಮೊದಲು ತಟ್ಟುವುದು ಸದ್ದು. ಸಮುದ್ರದ ಒಳಗೆ ಮೌನ ಅಂದುಕೊಂಡಿದ್ದೆ. ಹಾಗಿಲ್ಲ. ಎಲ್ಲೋ ಒಗ್ಗರಣೆಗೆ ಹಾಕಿದ ಸಾಸಿವೆ ಸಿಡಿಯುತ್ತಿರುವ ಹಾಗೆ ಚಟಪಟ. ಒಂದು ಜಾತಿಯ ಸಣ್ಣ ಸಿಗಡಿಗಳು ಕೊಂಡಿ ಬಡಿಯುವ ಸದ್ದಂತೆ ಅದು. ಅದರ ಮಧ್ಯೆ ಕಟಕಟ ಅಂತ ಕಡಿಯುವ ಶಬ್ದ, ಅದು ಗಿಳಿಮೀನು. ಗಿಳಿಯ ಕೊಕ್ಕಿನಂಥ ಹಲ್ಲಿನಿಂದ ಹವಳದ ಮೇಲಿನ ಪಾಚಿ ಕೆರೆದು, ಜೊತೆಗೆ ಸುಣ್ಣವನ್ನೂ ಕಡಿದು, ಹಿಂದಿನಿಂದ ಮರಳು ಮಾಡಿ ಬಿಡುತ್ತದೆ. ಹವಳದ ದ್ವೀಪಗಳ ಬಿಳೀ ಮರಳಿನಲ್ಲಿ ಇವುಗಳ ಪಾಲು ದೊಡ್ಡದು ಅಂತ ಮಗ ಕೇಳಿಕೊಂಡು ಬಂದು ಹೇಳಿದ್ದೇ ತಡ, ಆ ಮರಳಿನಲ್ಲಿ ಕೂತು ಊಟ ಮಾಡಲು ನನ್ನ ಹೆಂಡತಿ ಒಪ್ಪಲಿಲ್ಲ. ಪುಳಿಯೋಗರೆ ಬೋಟಿನಲ್ಲೇ ಆಯಿತು.

ಹವಳಗಳಲ್ಲಿ ಒಂದು ಜಾತಿ ಥೇಟು ಹೂಕೋಸು. ಇನ್ನೊಂದು ದೊಡ್ಡ ಮೇಜಿನ ಹಾಗೆ ಚಪ್ಪಟೆ, ಅದರ ಕೆಳಗೆ ನೆರಳಿಗೆ ನಿಂತ ಮೀನುಗಳು, ಬಸ್ ಸ್ಟಾಪಿನಲ್ಲಿ ನಿಂತ ಹಾಗೆ. ನೀರೊಳಗೆ ಮಾಸ್ಕ್‌ನಿಂದ ನೋಡಿದರೆ ಎಲ್ಲ ವಸ್ತು ಮೂರನೇ ಒಂದು ಭಾಗದಷ್ಟು ದೊಡ್ಡದಾಗಿ, ಹತ್ತಿರವಾಗಿ ಕಾಣುತ್ತದೆ. ಅದಕ್ಕೇ ಮುಟ್ಟಲು ಕೈ ಚಾಚಿದರೆ ಸಿಗುವುದಿಲ್ಲ. ಸಿಗದಿದ್ದರೇ ಒಳ್ಳೆಯದು.

ಮುಟ್ಟುವ ವಿಷಯಕ್ಕೆ ಒಂದು ಮಾತು. ನಮ್ಮ ಬೋಟಿನಲ್ಲೇ ಇದ್ದ ಒಬ್ಬ ಹುಡುಗ ಜಾಕೆಟ್ ಬಿಚ್ಚಿ ದೂರ ಹೋದ. ದ್ವೀಪದ ಮೂಲೆಯಲ್ಲಿ ಸೆಳೆತ ಇತ್ತು. ಸುಸ್ತಾಗಿ, ಗಾಬರಿಯಾಗಿ, ಕಾಲೂರಲು ಹವಳದ ಮೇಲೆ ನಿಂತ. ಅಂಗಾಲು ಕೊಯ್ದು ರಕ್ತ ಬಂತು. ಗೈಡ್ ಸೀಟಿ ಊದಿ, ಹಾರಿ ಹೋಗಿ ಕರೆತಂದ. ಕಾಲು ತೊಳೆದು ಪಟ್ಟಿ ಕಟ್ಟಿದ ಮೇಲೆ ಗೈಡ್ ಬೈದದ್ದು ಗಾಯಕ್ಕಲ್ಲ, ಮುರಿದ ಹವಳದ ಕೊಂಬೆಗೆ. ನನಗೆ ಅವನ ಬೈಗುಳ ಸರಿ ಅನ್ನಿಸಿತು. ಹುಡುಗನ ಗಾಯ ವಾರದಲ್ಲಿ ಮಾಯುತ್ತದೆ, ಕೊಂಬೆ ವರ್ಷಗಟ್ಟಲೆ ತಗೊಳ್ಳುತ್ತದೆ. ಇಲ್ಲಿನ ದಿಬ್ಬ 2007ರ ಗೋನು ಚಂಡಮಾರುತ ಕಂಡಿದೆ, ಕಡಿದು ಬಿದ್ದ ಮೀನಿನ ಬಲೆಗಳು ಸಿಕ್ಕಿಕೊಂಡು ಹವಳ ಒಡೆದದ್ದೂ ಉಂಟು. ರಜೆಗೆ ಬಂದ ನಾವೂ ಕಾಲು ಹಾಕುವುದು ಬೇಡ.

ಮಧ್ಯಾಹ್ನ ಎರಡನೇ ಜಾಗದಲ್ಲಿ ಆಮೆ ಸಿಕ್ಕಿತು. ಹಾಕ್ಸ್‌ಬಿಲ್ ಅಂತ ಹೆಸರು, ಗಿಡುಗನ ಕೊಕ್ಕಿನಂಥ ಬಾಯಿ. ಅಳಿವಿನ ಅಂಚಿನಲ್ಲಿರುವ ಪ್ರಾಣಿ, ಅದರ ಚಂದದ ಚಿಪ್ಪಿಗಾಗಿ ಜನ ಅದನ್ನು ಕೊಂದು ಕೊಂದು ಹಾಗಾಗಿದೆ. ಈ ದ್ವೀಪಗಳ ಮರಳಿನಲ್ಲಿ ಅದು ಮೊಟ್ಟೆ ಇಡುತ್ತದೆ, ಒಂದು ಗುಂಡಿಗೆ ನೂರರ ಆಸುಪಾಸು. ನಾವು ಕಂಡದ್ದು ಬಂಡೆಯ ಸಂದಿಯಲ್ಲಿ ಏನನ್ನೋ ಕಿತ್ತು ತಿನ್ನುತ್ತಿತ್ತು. ನಮ್ಮ ಕಡೆ ನೋಡಲೂ ಇಲ್ಲ. ಉಸಿರಿಗೆ ಮೇಲೆ ಬಂದಾಗ ನನ್ನ ಹೆಂಡತಿಯಿಂದ ಎರಡು ಮಾರು ದೂರ. ಅವಳು ಆಗ ತೇಲುವ ಬಳೆ ಬಿಟ್ಟಿದ್ದಳು. ಯಾವಾಗ ಬಿಟ್ಟಳೋ ನಾನು ನೋಡಲಿಲ್ಲ. ಮಗಳ ಕೈ ಮಾತ್ರ ಬಿಟ್ಟಿರಲಿಲ್ಲ.

ಬೋಟಿಗೆ ಹತ್ತಿದ ಮೇಲೆ ಟವೆಲ್ ಸುತ್ತಿಕೊಂಡು ಬಹಳ ಹೊತ್ತು ಸುಮ್ಮನೆ ಕೂತಳು. ಆಮೇಲೆ, "ಅಣ್ಣನಿಗೆ ಇಂಥದ್ದೊಂದು ಜಾಕೆಟ್ ಇದ್ದಿದ್ರೆ" ಅಂದಳು. ಅಷ್ಟೇ. ಮಗಳು ಅವಳ ಭುಜಕ್ಕೆ ತಲೆಯಿಟ್ಟು ಮಲಗಿದಳು. ನಾನು ಮಜ್ಜಿಗೆ ಬಾಟಲಿ ಹುಡುಕುವ ನೆಪದಲ್ಲಿ ಆ ಕಡೆ ಹೋದೆ.

ಗಂಗೊಳ್ಳಿಯವರದು ಇನ್ನೊಂದು ಕಥೆ. ಹುಟ್ಟಿದಾಗಿನಿಂದ ಸಮುದ್ರದ ಜೊತೆ ಇದ್ದವರು ಮಾಸ್ಕ್ ಹಾಕಿ ಒಳಗೆ ನೋಡಿದ್ದು ಇದೇ ಮೊದಲು. "ಒಳಗ್ ಹಿಂಗಿತ್ತ್ ಅಂದೇಳಿ ಗೊತ್ತೇ ಇಲ್ಲ ಕಾಣಿ" ಅಂತ ಹತ್ತು ಸಲ ಹೇಳಿದರು. ಅವರ ಊರಿನಿಂದ ದೂರವೇನಲ್ಲ, ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತಲೂ ಹವಳ ಇದೆ, ಅಲ್ಲೂ ಸ್ನಾರ್ಕೆಲಿಂಗ್, ಡೈವಿಂಗ್ ನಡೆಯುತ್ತದೆ. ಮಳೆಗಾಲ ಬಿಟ್ಟು ರಜೆಗೆ ಹೋಗುವವರು ನೋಡಬಹುದು. ಮಳೆಗಾಲದಲ್ಲಿ ಬೋಟು ಬಿಡುವುದಿಲ್ಲ.

ವಾಪಸ್ ಬರುವಾಗ ಗೈಡ್ ಬಂಡೆಯ ಕಡೆ ಕೈ ಮಾಡಿ, ಬೇಸಿಗೆಯಲ್ಲಿ ಇಲ್ಲಿ ಸೂಟಿ ಫಾಲ್ಕನ್ ಅನ್ನುವ ಮಸಿಬಣ್ಣದ ಚಾಣ ಗೂಡು ಮಾಡುತ್ತದೆ, ಚಳಿಗಾಲಕ್ಕೆ ಮಡಗಾಸ್ಕರ್‌ಗೆ ಹೋಗುತ್ತದೆ ಅಂದ. "ಅದಕ್ಕೂ ಫ್ಯಾಮಿಲಿ ವೀಸಾ ಬೇಡ ನೋಡಿ" ಅಂದ ನನ್ನ ಮಗ.

ಇನ್ನು ಖರ್ಚು. ಲೆಕ್ಕದವನು ಬರೆದು ಖರ್ಚು ಹೇಳದಿದ್ದರೆ ಹೇಗೆ? ನಾವು ತಲೆಗೆ 20 ರಿಯಾಲ್ ಕೊಟ್ಟೆವು, ಸಲಕರಣೆ, ಪರ್ಮಿಟ್, ನೀರು, ಹಣ್ಣು ಸೇರಿ. ನಾಲ್ವರಿಗೆ 80. ತಿಂಗಳಿಗೆ ನೂರು, ನೂರಿಪ್ಪತ್ತು ರಿಯಾಲ್ ದುಡಿದು ಮನೆಗೆ ಕಳಿಸುವ ನಮ್ಮ ಸೋದರರಿಗೆ ಇದು ದೊಡ್ಡ ಮೊತ್ತ, ನನಗೆ ಗೊತ್ತು. ಹತ್ತು ಹನ್ನೆರಡು ಜನ ಸೇರಿ ಇಡೀ ಬೋಟ್ ಮಾತಾಡಿದರೆ ತಲೆಗೆ ಕಡಿಮೆಯಾಗುತ್ತದೆ, ಕೇಳಿ ನೋಡಿ. ದೈಮಾನಿಯಾತೇ ಆಗಬೇಕೆಂದಿಲ್ಲ, ಮಸ್ಕತ್‌ನ ಆ ಕಡೆ ಬಂದರ್ ಖೈರಾನ್‌ನಲ್ಲೂ ಹವಳ ಇದೆ. ಎಲ್ಲಿ ಹೋದರೂ ಜಾಕೆಟ್ ಇಲ್ಲ ಅನ್ನುವ ಬೋಟು ಹತ್ತಬೇಡಿ. ಬಿ.ಪಿ., ಹೃದಯದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ನೀರಿಗಿಳಿಯಬೇಡಿ. ಸನ್‌ಸ್ಕ್ರೀನ್ ಮೆತ್ತಿಕೊಳ್ಳುವ ಬದಲು ತುಂಬುತೋಳಿನ ಅಂಗಿ ಹಾಕಿಕೊಳ್ಳಿ. ಕೆಲವು ಸನ್‌ಸ್ಕ್ರೀನ್‌ಗಳಲ್ಲಿರುವ ರಾಸಾಯನಿಕ ಹವಳಕ್ಕೆ ಹಾನಿ ಅಂತ ಹವಾಯಿಯಲ್ಲಿ 2021ರಿಂದ ಅಂಥವುಗಳ ಮಾರಾಟವನ್ನೇ ನಿಲ್ಲಿಸಿದ್ದಾರೆ. ಬೆನ್ನು ಸುಡುವುದು ಮಾತ್ರ ಗ್ಯಾರಂಟಿ, ಮುಖ ಕೆಳಗೆ ಮಾಡಿ ತೇಲುವಾಗ ಬಿಸಿಲು ಗೊತ್ತೇ ಆಗುವುದಿಲ್ಲ.

ಮಗಳ ಟಿಕೆಟ್ ಜೂನ್ ಎರಡನೇ ವಾರಕ್ಕೆ ಆಗಿದೆ. ಅದಕ್ಕೂ ಮುಂಚೆ ಇನ್ನೊಂದು ಶುಕ್ರವಾರ ಸಿಗುತ್ತಾ ಅಂತ ಹೆಂಡತಿ ಕ್ಯಾಲೆಂಡರ್ ನೋಡುತ್ತಿದ್ದಾಳೆ. ಯಾರಾದರೂ ಜೊತೆಗೆ ಬರುವವರಿದ್ದರೆ ಹೇಳಿ, ಬೋಟಿನಲ್ಲಿ ಇನ್ನೂ ಆರು ಜನಕ್ಕೆ ಜಾಗ ಇದೆ.